ಡೆಬಿಯನ್ ಜೊತೆ ನಾಲ್ಕು ವರ್ಷ: ಒಂದು ಲ್ಯಾಪ್‌ಟಾಪ್, ಮೂರು ಓಎಸ್

2021ರ ಕೊನೆಯಲ್ಲಿ ಕೊಂಡ ಲ್ಯಾಪ್‌ಟಾಪನ್ನೇ ನಾನು ಇಂದಿಗೂ ಬಳಸುತ್ತಿದ್ದೇನೆ. ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಸಾಧಾರಣ ಯಂತ್ರವಿದು. ಬಂದ ವಾರವೇ, ಇದರಲ್ಲಿದ್ದ ವಿಂಡೋಸ್ ಜೊತೆಗೆ, ಲಿನಕ್ಸ್ ಆಧಾರಿತ ಮುಕ್ತ ಓಎಸ್ (ಕಾರ್ಯಾಚರಣಾ ವ್ಯವಸ್ಥೆ) ಆದ ಡೆಬಿಯನ್‌ನ 11ನೇ ಆವೃತ್ತಿ ಹಾಕಿದೆ. ಡಿಜಿಟಲ್ ಸಹಿಯ ಟೋಕನ್ನಿಗೆ ಬೇಕಾದ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ ವಿಂಡೋಸನ್ನು ತೆಗೆಯಲಾಗಲಿಲ್ಲ. ಹೊಸ ತಂತ್ರಾಂಶಗಳನ್ನು ನೋಡುವ ಚಪಲಕ್ಕೆ ಒಂದು ವರ್ಷದ ನಂತರ ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಕೂಡ ಸೇರಿಕೊಂಡಿತು. ಹೀಗೆ ಒಂದು ಡಿಸ್ಕಿನಲ್ಲಿ ಮೂರು ಓಎಸ್‌ಗಳು ವಠಾರದ ಮನೆಗಳಂತೆ ಬದುಕಿದವು. ನಾಲ್ಕು ವರ್ಷಗಳಲ್ಲಿ ನನ್ನ ನಿದ್ದೆಗೆಡಿಸಿದ ಜಗಳಗಳಲ್ಲಿ ಮನೆಯೊಳಗಿನವು ಬಹಳ ಕಡಿಮೆ. ಹೆಚ್ಚಿನವೆಲ್ಲ ನಲ್ಲಿ ಮತ್ತು ಗೇಟಿನ ಬಳಿ, ಅಂದರೆ ಬೂಟ್ ಪಾರ್ಟಿಷನ್ (ಓಎಸ್ ಏಳಿಸುವ ಕಡತಗಳಿರುವ ಡಿಸ್ಕಿನ ಭಾಗ), ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ), ಗಡಿಯಾರ, ಬೂಟ್ ಕ್ರಮ (ಯಾವ ಓಎಸ್ ಮೊದಲು ಏಳಬೇಕೆಂಬ ಪಟ್ಟಿ) ಮುಂತಾದ ಹಂಚಿಕೊಂಡ ಜಾಗಗಳಲ್ಲಿ ನಡೆದವು. ಡೆಬಿಯನ್ ಬಗೆಗಿನ ಈ ವಿಮರ್ಶೆಯ ಬಹುಭಾಗ ಆ ಕಾರಣಕ್ಕೇ ಬೂಟಿಂಗ್ ಕುರಿತದ್ದಾಗಿದೆ.

ಮೊದಲ ತೊಡಕು ಬಂದದ್ದು ಇನ್‌ಸ್ಟಾಲರ್‌ನ ಪಾರ್ಟಿಷನ್ ಹಂತದಲ್ಲಿ. ಅಲ್ಲಿ ನಾನು ಬೂಟ್ ಮಾಡಿದ್ದ ಪೆನ್‌ಡ್ರೈವ್ ಕಾಣುತ್ತಿತ್ತು, ಒಳಗಿನ ಎಸ್‌ಎಸ್‌ಡಿ ಕಾಣುತ್ತಿರಲಿಲ್ಲ. ಡಿಸ್ಕ್ ಕೆಟ್ಟಿರಲಿಲ್ಲ, ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ವ್ಯವಸ್ಥೆ ಚಾಲನೆಯಲ್ಲಿದ್ದು, ಆ ಪದರದ ಹಿಂದಿದ್ದ ಎಸ್‌ಎಸ್‌ಡಿ ಇನ್‌ಸ್ಟಾಲರ್‌ನ ಕಣ್ಣಿಗೆ ಬಿದ್ದಿರಲಿಲ್ಲ. ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಸ್ಥಿತಿಗೆ ಬದಲಿಸಿದರೆ ಡಿಸ್ಕ್ ಕಾಣುತ್ತದೆ. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮೊದಲು ವಿಂಡೋಸ್ ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವಂತೆ ಮಾಡಬೇಕು, ಆಮೇಲೆ ಬಯಾಸ್ ಬದಲಿಸಬೇಕು, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದು ಸರಿಯಾದ ಡ್ರೈವರ್ ಹಿಡಿದುಕೊಂಡ ನಂತರ ಆ ಏರ್ಪಾಡನ್ನು ತೆಗೆಯಬೇಕು. ಈ ಕ್ರಮಕ್ಕೆ ಹತ್ತು ನಿಮಿಷ ಸಾಕು. ಕ್ರಮ ತಿಳಿಯುವುದಕ್ಕೆ ನನಗೆ ಎರಡು ಸಂಜೆ ಹಿಡಿಯಿತು.

ವಿಂಡೋಸ್‌ನ ಜಾಗವನ್ನು ಅದರದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಕುಗ್ಗಿಸಿದ್ದು ಮತ್ತು ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಮೊದಲ ದಿನವೇ ಆಫ್ ಮಾಡಿದ್ದು ನಾನು ಮಾಡಿದ ಒಳ್ಳೆಯ ಕೆಲಸಗಳು. ಆ ಸೌಲಭ್ಯ ಚಾಲನೆಯಲ್ಲಿದ್ದರೆ ವಿಂಡೋಸ್ ನಿಜವಾಗಿ ಮುಚ್ಚಿಕೊಳ್ಳುವುದಿಲ್ಲ, ಅರೆನಿದ್ದೆಗೆ ಜಾರುತ್ತದೆ. ಆ ಸ್ಥಿತಿಯಲ್ಲಿರುವ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಷನ್ನಿನಲ್ಲಿ ಲಿನಕ್ಸ್ ಬರೆಯಲು ಒಪ್ಪುವುದಿಲ್ಲ, ಒಪ್ಪಲೂಬಾರದು. ಪೆನ್‌ಡ್ರೈವ್ ಯುಇಎಫ್‌ಐ (ಹಳೆಯ ಬಯಾಸ್ ಬದಲು ಬಂದ ಹೊಸ ಬೂಟ್ ವಿಧಾನ) ಸ್ಥಿತಿಯಲ್ಲೇ ಎದ್ದಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಇನ್ನೊಂದು ಅಗತ್ಯ. ವಿಂಡೋಸ್ ಯುಇಎಫ್‌ಐಯಲ್ಲಿದ್ದು ಲಿನಕ್ಸನ್ನು ಹಳೆಯ ಬಯಾಸ್ ಸ್ಥಿತಿಯಲ್ಲಿ ಹಾಕಿದರೆ ಒಂದರ ಮೆನುವಿನಿಂದ ಇನ್ನೊಂದನ್ನು ಏಳಿಸಲು ಬರುವುದಿಲ್ಲ.

ಡೆಬಿಯನ್ 11ರ ಅಧಿಕೃತ ಚಿತ್ರಿಕೆಯಲ್ಲಿ (ಪೆನ್‌ಡ್ರೈವಿಗೆ ಬರೆಯುವ ಇನ್‌ಸ್ಟಾಲರ್ ಕಡತದಲ್ಲಿ) ಮುಕ್ತವಲ್ಲದ ಫರ್ಮ್‌ವೇರ್, ಅಂದರೆ ಯಂತ್ರಭಾಗಗಳನ್ನು ನಡೆಸುವ, ಮೂಲ ಕೋಡ್ ತೆರೆದಿಡದ ತಂತ್ರಾಂಶ ಇರಲಿಲ್ಲವಾದ್ದರಿಂದ ಇನ್‌ಸ್ಟಾಲರ್ ವೈಫೈ ಕಾರ್ಡಿನ ಕಡತವೊಂದರ ಹೆಸರು ಹೇಳಿ, ಅದನ್ನು ಬೇರೆ ಮಾಧ್ಯಮದಲ್ಲಿ ಒದಗಿಸಿ ಎಂದು ಕೇಳಿತು. ವೈಫೈ ಇಲ್ಲದೆ ಆ ಕಡತವನ್ನು ಇಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಉತ್ತರ ಕಿಸೆಯಲ್ಲೇ ಇತ್ತು: ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಇನ್‌ಸ್ಟಾಲರ್ ಅದನ್ನು ತಂತಿಯ ಜಾಲವೆಂದೇ ಪರಿಗಣಿಸುತ್ತದೆ. 2022ರಲ್ಲಿ ಡೆಬಿಯನ್‌ನ ಸದಸ್ಯರು ಮತ ಹಾಕಿ ಈ ನೀತಿಯನ್ನು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಚಿತ್ರಿಕೆಯೊಳಗೇ ಇರುತ್ತದೆ. ಹೊಸಬರಿಗೆ ಡೆಬಿಯನ್ ಬೇಡ ಎನ್ನುತ್ತಿದ್ದ ನನ್ನಂಥವರ ದೊಡ್ಡ ಕಾರಣವೊಂದು ಅಂದೇ ಹೋಯಿತು.

ಗಡಿಯಾರದ ವಿಷಯ ಚಿಕ್ಕದು, ಆದರೂ ಮೊದಲ ಸಲ ನೋಡಿದಾಗ ಗಾಬರಿಯಾಗುತ್ತದೆ. ಡೆಬಿಯನ್ ಬಳಸಿ ವಿಂಡೋಸ್‌ಗೆ ಹೋದಾಗಲೆಲ್ಲ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿರುತ್ತಿತ್ತು. ಯಂತ್ರದೊಳಗಿನ ಗಡಿಯಾರದಲ್ಲಿ ಇರುವುದು ಜಾಗತಿಕ ಸಮಯ ಎಂದು ಲಿನಕ್ಸ್ ತಿಳಿಯುತ್ತದೆ, ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ. ಭಾರತದಲ್ಲಿ ಈ ಎರಡರ ಅಂತರ ಐದೂವರೆ ಗಂಟೆ. ಸ್ಥಳೀಯ ಸಮಯವನ್ನೇ ಇಟ್ಟುಕೊಳ್ಳುವಂತೆ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯಿಂದ ಡೆಬಿಯನ್‌ಗೆ ಹೇಳಬಹುದು. ನಾನು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಸೇರಿಸಿ ಅದನ್ನೇ ದಾರಿಗೆ ತಂದೆ. ಮೂರನೆಯ ಓಎಸ್ ಬಂದಾಗ ಮತ್ತೆ ಬದಲಿಸುವ ಪ್ರಮೇಯ ಬರಲಿಲ್ಲ.

ನಿಜವಾದ ಪೇಚಾಟ ಶುರುವಾದದ್ದು ಫೆಡೋರಾ ಬಂದ ಮೇಲೆ. ಹಾಕುವಾಗ ನಾನು ಜಾಣತನ ತೋರಿಸಲು ಹೋಗಿ, ಹೇಗೂ ಎರಡೂ ಏಕಕಾಲಕ್ಕೆ ನಡೆಯುವುದಿಲ್ಲವಲ್ಲ ಎಂದು ಡೆಬಿಯನ್‌ನ ಸ್ವಾಪ್ ಪಾರ್ಟಿಷನ್ನನ್ನೇ ಅದಕ್ಕೂ ಕೊಟ್ಟೆ. ಮರುದಿನ ಡೆಬಿಯನ್ ಏಳಲು ಎರಡು ನಿಮಿಷ ತೆಗೆದುಕೊಂಡಿತು. ಪರದೆಯ ಮೇಲೆ ಕೆಂಪು ಚುಕ್ಕೆಗಳು ಆಚೀಚೆ ಓಡಾಡುತ್ತ, ಪಕ್ಕದಲ್ಲಿ ಒಂದು ಉದ್ದನೆಯ ಡಿಸ್ಕ್ ಗುರುತನ್ನು ತೋರಿಸುತ್ತ, ಒಂದೂವರೆ ನಿಮಿಷದ ಗಡುವಿನಲ್ಲಿ ಎಷ್ಟು ಸೆಕೆಂಡು ಕಳೆದವೆಂದು ಎಣಿಸುತ್ತಿತ್ತು. ಎಸ್‌ಎಸ್‌ಡಿ ಸಾಯುತ್ತಿದೆಯೆಂದೇ ನಾನು ಭಾವಿಸಿ ಆ ರಾತ್ರಿ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲಿಸಿದೆ. ಆಗಿದ್ದು ಇಷ್ಟೇ: ಸ್ವಾಪನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದಾಗ ಅದರ ಯುಯುಐಡಿ, ಅಂದರೆ ಆ ಉದ್ದನೆಯ ಗುರುತು, ಬದಲಾಗಿತ್ತು, ಡೆಬಿಯನ್ ಮಾತ್ರ, ಏಳುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಬರೆದಿದ್ದ ಹಳೆಯ ಗುರುತಿಗಾಗಿ ಕಾಯುತ್ತಿತ್ತು. ಬಿಎಲ್‌ಕೆಐಡಿ ಆಜ್ಞೆ ತೋರಿಸಿದ ಹೊಸ ಗುರುತನ್ನು ಎಫ್‌ಎಸ್‌ಟ್ಯಾಬ್‌ಗೆ ಹಾಕಿದ ಮೇಲೂ ಸ್ವಲ್ಪ ಹೊತ್ತಿನ ಕಾಯುವಿಕೆ ಉಳಿದೇ ಇತ್ತು. ಹೈಬರ್ನೇಟ್‌ನಿಂದ ಮರಳುವ ಸಲುವಾಗಿ ಅದೇ ಹಳೆಯ ಗುರುತು, ಏಳುವ ಮೊದಲ ಹಂತದಲ್ಲಿ ತುಂಬಿಕೊಳ್ಳುವ ಇನಿಟ್‌ರ‍್ಯಾಮ್‌ಎಫ್‌ಎಸ್‌ನ ರೆಸ್ಯೂಮ್ ಕಡತದಲ್ಲೂ ಇದ್ದುದರಿಂದ, ಅದನ್ನೂ ತಿದ್ದಿ ಇನಿಟ್‌ರ‍್ಯಾಮ್‌ಎಫ್‌ಎಸ್ ಮರುರಚಿಸಿದ ಮೇಲೆ ಹಳೆಯ ವೇಗ ಬಂತು. ಅಷ್ಟಕ್ಕೂ ಫೆಡೋರಾ ತನ್ನ 33ನೇ ಆವೃತ್ತಿಯಿಂದ ಝಡ್‌ರ‍್ಯಾಮ್ (ರ‍್ಯಾಮ್‌ನಲ್ಲೇ ಒತ್ತಿ ಇಡುವ ಸ್ವಾಪ್) ಬಳಸುತ್ತದೆ. ಅದಕ್ಕೆ ಸ್ವಾಪ್ ಪಾರ್ಟಿಷನ್ನೇ ಬೇಕಿರಲಿಲ್ಲ. ಕೇಳದಿದ್ದವರಿಗೆ ಬಡಿಸಲು ಹೋಗಿದ್ದೆ.

ಎರಡನೆಯ ಪೇಚು ಇದಕ್ಕಿಂತ ಆಳದ್ದು. ಡೆಬಿಯನ್ 12ರಲ್ಲಿ, ಏಳುವಾಗ ಓಎಸ್‌ಗಳ ಮೆನು ತೋರಿಸುವ ಗ್ರಬ್ ಎಂಬ ಬೂಟ್‌ಲೋಡರ್ ಬೇರೆ ಓಎಸ್‌ಗಳನ್ನು ತಾನಾಗಿ ಹುಡುಕುವುದಿಲ್ಲ. ಓಎಸ್-ಪ್ರೋಬರ್ ಎಂಬ ಉಪಕರಣವನ್ನು ಭದ್ರತೆಯ ದೃಷ್ಟಿಯಿಂದ ಮೊದಲೇ ಆಫ್ ಮಾಡಿಟ್ಟಿರುತ್ತಾರೆ. ನವೀಕರಿಸಿದ ಮೇಲೆ ವಿಂಡೋಸ್ ಮಾಯವಾಯಿತು ಎಂದು ಜನ ಹುಯ್ಯಲಿಡುವುದು ಇದರಿಂದಲೇ. ಗ್ರಬ್‌ನ ಸಂರಚನಾ ಕಡತದಲ್ಲಿ ಒಂದು ಸಾಲು ತಿದ್ದಿ ಮೆನುವನ್ನು ಮರುರಚಿಸಿದಾಗ ನನಗೆ ವಿಂಡೋಸ್ ಮತ್ತು ಫೆಡೋರಾ ಎರಡೂ ಮೆನುವಿನಲ್ಲಿ ಕಂಡವು. ವಿಂಡೋಸ್ ಸಲೀಸಾಗಿ ಎದ್ದಿತು. ಫೆಡೋರಾ ಆರಿಸಿದರೆ ಕಪ್ಪು ಪರದೆಯಲ್ಲಿ ಎರಡು ಸಾಲು: ಶಿಮ್ ಸಹಿ ಸರಿಯಿಲ್ಲ, ಮೊದಲು ಕರ್ನೆಲ್ (ಓಎಸ್‌ನ ತಿರುಳು) ತುಂಬಿಸಿ. ಸಹಿಯಿರುವ ತಂತ್ರಾಂಶವನ್ನು ಮಾತ್ರ ಏಳಗೊಡುವ ಸೆಕ್ಯೂರ್ ಬೂಟ್ ಚಾಲನೆಯಲ್ಲಿರುವಾಗ ಲಿನಕ್ಸ್‌ನಲ್ಲಿ ಮೊದಲು ಏಳುವುದು ಶಿಮ್ ಎಂಬ ಪುಟ್ಟ ಪ್ರೋಗ್ರಾಂ. ಅದಕ್ಕೆ ಮೈಕ್ರೋಸಾಫ್ಟ್‌ನ ಸಹಿ ಇರುವುದರಿಂದ ಯಂತ್ರದ ಫರ್ಮ್‌ವೇರ್ ಒಳಗೆ ಬಿಡುತ್ತದೆ. ಆದರೆ ಡೆಬಿಯನ್‌ನ ಶಿಮ್ ಒಳಗೆ ಇರುವುದು ಡೆಬಿಯನ್‌ನ ಕೀಲಿ; ಫೆಡೋರಾದ ಕರ್ನೆಲ್‌ಗೆ ಸಹಿ ಹಾಕಿರುವುದು ಫೆಡೋರಾದ ಕೀಲಿ. ಒಂದರ ದ್ವಾರಪಾಲಕನಿಗೆ ಇನ್ನೊಂದರ ನೆಂಟರ ಪರಿಚಯವಿಲ್ಲ.

ಎಲ್ಲರೂ ಕೊಡುವ ಸುಲಭದ ಸಲಹೆಯಂತೆ ನಾನು ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಫೆಡೋರಾ ಎದ್ದಿತು. ಅದಾದ ಮೂರು ದಿನಕ್ಕೆ, ಅದೂ ಒಂದು ಅರ್ಜಿಯ ಕೊನೆಯ ದಿನ, ವಿಂಡೋಸ್ ಏಳಿಸಿದರೆ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್‌ನ ನೀಲಿ ಪರದೆ ಬಂದು 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕೇಳಿತು. ಬೂಟ್ ವ್ಯವಸ್ಥೆ ಬದಲಾದದ್ದನ್ನು ಅದು ಕಳ್ಳತನದ ಸುಳಿವೆಂದು ಓದಿತ್ತು. ಕೀಲಿಯನ್ನು ಬರೆದಿಟ್ಟಿದ್ದ ಡೈರಿ ಊರಿನ ಮನೆಯ ಕಪಾಟಿನಲ್ಲಿತ್ತು. ತಂಗಿ ಫೋನಿನಲ್ಲಿ ಆರಾರು ಅಂಕಿಗಳ ಎಂಟು ಗುಂಪುಗಳನ್ನು ಓದಿ ಹೇಳಿದಳು, ಐದನೆಯ ಗುಂಪಿನಲ್ಲಿ ನನ್ನ ಕೈಬರಹದ ಒಂದನ್ನು ಏಳೆಂದು ಓದಿದಳು, ಪರದೆ ತಕ್ಷಣ ಆ ಗುಂಪು ತಪ್ಪೆಂದಿತು. ಪ್ರತಿ ಗುಂಪೂ 11ರಿಂದ ಭಾಗವಾಗುವಂತೆ ಅದನ್ನು ರಚಿಸಿರುತ್ತಾರೆ. ಹಾಗಾಗಿ ಒಂದು ಅಂಕಿ ತಪ್ಪಿದರೂ ಅಲ್ಲೇ ಗೊತ್ತಾಗುತ್ತದೆ. ಆ ದಿನ ನನಗೆ ಗಣಿತದ ಮೇಲೆ ಹುಟ್ಟಿದ ಗೌರವ ಶಾಲೆಯಲ್ಲಿ ಎಂದೂ ಹುಟ್ಟಿರಲಿಲ್ಲ.

ಅಂದಿನಿಂದ ಸೆಕ್ಯೂರ್ ಬೂಟ್ ಮತ್ತೆ ಚಾಲನೆಯಲ್ಲಿದೆ, ಡೆಬಿಯನ್‌ನ ಮೆನುವಿನಲ್ಲಿ ಫೆಡೋರಾ ಇಲ್ಲ. ಯಂತ್ರ ಹೊತ್ತಿಸುವಾಗ ಎಫ್12 ಒತ್ತಿದರೆ ಫರ್ಮ್‌ವೇರ್‌ನದೇ ಪಟ್ಟಿ ಬರುತ್ತದೆ. ಅಲ್ಲಿ ಮೂರೂ ಓಎಸ್‌ಗಳು ತಮ್ಮ ತಮ್ಮ ಬೂಟ್‌ಲೋಡರ್‌ನೊಡನೆ ಇರುತ್ತವೆ, ಫೆಡೋರಾ ತನ್ನ ಶಿಮ್‌ನಿಂದಲೇ ಏಳುತ್ತದೆ, ಅದರ ಕರ್ನೆಲ್ ಬದಲಾದಾಗಲೆಲ್ಲ ಡೆಬಿಯನ್‌ನಲ್ಲಿ ಮೆನು ಮರುರಚಿಸುವ ಕೆಲಸವೂ ಇಲ್ಲ. ಎಲ್ಲವನ್ನೂ ತೋರಿಸುವ ಒಂದೇ ಚೆಂದದ ಮೆನು ಬೇಕೆಂಬ ಆಸೆ ನನಗೂ ಇತ್ತು. ಅದನ್ನು ಬಿಟ್ಟ ಮೇಲೆ ನನ್ನ ಅರ್ಧ ತೊಂದರೆಗಳು ತಾವಾಗಿ ಹೋದವು. ಹೀಗೆ ಮಾಡುವವರು ಒಂದು ಎಚ್ಚರ ವಹಿಸಬೇಕು: ಉಬುಂಟು ಮತ್ತು ಲಿನಕ್ಸ್ ಮಿಂಟ್ ಎರಡೂ ಬೂಟ್ ಪಾರ್ಟಿಷನ್ನಿನಲ್ಲಿ ಉಬುಂಟು ಎಂಬ ಒಂದೇ ಹೆಸರಿನ ಫೋಲ್ಡರ್ ಬಳಸುತ್ತವೆಯಾದ್ದರಿಂದ, ಅವೆರಡನ್ನು ಜೊತೆಗಿಟ್ಟರೆ ನಂತರ ಹಾಕಿದ್ದು ಮೊದಲಿದ್ದುದನ್ನು ಒರೆಸಿಹಾಕುತ್ತದೆ. ಡೆಬಿಯನ್ ಮತ್ತು ಫೆಡೋರಾಗಳಿಗೆ ಬೇರೆ ಬೇರೆ ಫೋಲ್ಡರ್ ಇರುವುದರಿಂದ ಆ ಭಯವಿಲ್ಲ.

ಲ್ಯಾಪ್‌ಟಾಪ್ ತಯಾರಕರ ಬಯಾಸ್ ನವೀಕರಣ ಎರಡು ಸಲ ಬಂತು, ಎರಡು ಸಲವೂ ಫರ್ಮ್‌ವೇರ್‌ನ ಪಟ್ಟಿಯಿಂದ ವಿಂಡೋಸ್ ಒಂದನ್ನು ಬಿಟ್ಟು ಮಿಕ್ಕೆಲ್ಲ ಅಳಿಸಿಹೋಯಿತು. ಸೇವಾ ಕೇಂದ್ರದವರು ಲಿನಕ್ಸ್ ಎಂಬ ಪದ ಕೇಳುತ್ತಲೇ ಮಾತು ಮುಗಿಸಿದರು. ಮೊದಲ ಸಲ ಪೆನ್‌ಡ್ರೈವ್‌ನ ರೆಸ್ಕ್ಯೂ ಸ್ಥಿತಿಯಿಂದ ಗ್ರಬ್ ಮತ್ತೆ ಹಾಕಿದೆ. ಎರಡನೆಯ ಸಲ ಕಲಿತಿದ್ದೆ: ಡೆಬಿಯನ್‌ನಲ್ಲಿ ಗ್ರಬ್ ಪ್ಯಾಕೇಜನ್ನು ಮರುಸಂರಚಿಸುವಾಗ, ತೆಗೆಯಬಹುದಾದ ಮಾಧ್ಯಮದ ದಾರಿಯಲ್ಲೂ ಒಂದು ಪ್ರತಿ ಇಡಲೇ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಹೌದು ಎನ್ನಬೇಕು. ಪಟ್ಟಿ ಅಳಿದರೂ ಡಿಸ್ಕಿನ ಹೆಸರು ಆರಿಸಿದರೆ ಆ ಪ್ರತಿಯಿಂದ ಡೆಬಿಯನ್ ಏಳುತ್ತದೆ, ಅಲ್ಲಿಂದ ಎಫಿಬೂಟ್‌ಎಂಜಿಆರ್ (efibootmgr) ಆಜ್ಞೆ ಬಳಸಿ ಕ್ರಮವನ್ನು ಸರಿಪಡಿಸಬಹುದು.

ರೆಸ್ಕ್ಯೂ ಪೆನ್‌ಡ್ರೈವ್ ಬಗ್ಗೆ ಒಂದು ಮಾತು. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಭದ್ರತಾ ನವೀಕರಣವೊಂದು ಹಳೆಯ, ದೋಷವಿರುವ ಬೂಟ್‌ಲೋಡರ್‌ಗಳನ್ನು ಎಸ್‌ಬ್ಯಾಟ್ ಎಂಬ ಪಟ್ಟಿಯ ಮೂಲಕ ತಡೆಹಿಡಿಯಿತು. ಎರಡು ಓಎಸ್ ಇರುವ ಯಂತ್ರಗಳಿಗೆ ಅದು ತಟ್ಟಬಾರದಿತ್ತು, ಆದರೂ ಅನೇಕರ ಲಿನಕ್ಸ್ ಏಳದಾಯಿತು. ನನ್ನ ಯಂತ್ರ ಪಾರಾಯಿತು. ಆದರೆ ಇಂಥ ದಿನ ಮೇಜಿನ ಖಾನೆಯಲ್ಲಿ ಮೂರು ವರ್ಷ ಹಳೆಯ ಇನ್‌ಸ್ಟಾಲರ್ ಇದ್ದರೆ ಅದೂ ಏಳದಿರಬಹುದು. ಈಗ ಪ್ರತಿ ಆವೃತ್ತಿ ಬಂದಾಗಲೂ ಪೆನ್‌ಡ್ರೈವನ್ನು ಹೊಸದು ಮಾಡುತ್ತೇನೆ.

ಇಷ್ಟರ ನಡುವೆ ಡೆಬಿಯನ್ ಒಳಗೆ ಏನಾಯಿತು ಎಂದರೆ, ಬಹುತೇಕ ಏನೂ ಆಗಲಿಲ್ಲ, ನಾನು ಅದಕ್ಕೆ ಕೊಡುವ ಅಂಕಗಳೂ ಅದಕ್ಕಾಗಿಯೇ. 11ರಿಂದ 12ಕ್ಕೆ, 2025ರ ಆಗಸ್ಟ್‌ನಲ್ಲಿ ಬಂದ 13ಕ್ಕೆ ಮರುಸ್ಥಾಪನೆಯಿಲ್ಲದೆ ಏರಿದ್ದೇನೆ. ಮೊದಲ ಏರಿಕೆಯಲ್ಲಿ ಫರ್ಮ್‌ವೇರ್‌ಗೆಂದೇ ಬೇರೆಯಾದ ಹೊಸ ವಿಭಾಗವನ್ನು, ತಂತ್ರಾಂಶ ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಗೆ ನಾವೇ ಸೇರಿಸಬೇಕಿತ್ತು. ಮರೆತರೆ ವೈಫೈ ನಿಲ್ಲುವುದಿಲ್ಲ, ಆದರೆ ಅದರ ಫರ್ಮ್‌ವೇರ್ ಹಳೆಯದಾಗಿಯೇ ಉಳಿಯುತ್ತದೆ. 13ರಲ್ಲಿ ತಾತ್ಕಾಲಿಕ ಕಡತಗಳ ಟೆಂಪ್ ಫೋಲ್ಡರ್ ರ‍್ಯಾಮ್‌ಗೆ ಹೋಗಿದೆ. 8 ಜಿಬಿ ಯಂತ್ರದಲ್ಲಿ ದೊಡ್ಡ ಕಡತಗಳನ್ನು ಅಲ್ಲಿ ಬಿಚ್ಚುವ ಅಭ್ಯಾಸವಿದ್ದವರಿಗೆ ಇದು ನೆನಪಿರಬೇಕು. ಕೊರತೆಯೆಂದರೆ ತಂತ್ರಾಂಶಗಳ ಹಳೆಯ ಆವೃತ್ತಿಗಳು. ಎರಡನೆಯ ವರ್ಷದ ಹೊತ್ತಿಗೆ ಅದು ಕಾಣತೊಡಗುತ್ತದೆ, ಫೆಡೋರಾ ಬಂದದ್ದೂ ಅದಕ್ಕೇ.

ಕನ್ನಡದ ಮಟ್ಟಿಗೆ ನನಗೆ ದೂರುಗಳಿಲ್ಲ. ಗುಬ್ಬಿ, ನವಿಲು, ಲೋಹಿತ್ ಅಕ್ಷರಗಳು (ಫಾಂಟ್‌ಗಳು) ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲೇ ಇವೆ, ಕಗಪ ಕೀಲಿಮಣೆಯನ್ನು ಸೆಟ್ಟಿಂಗ್ಸ್‌ನಿಂದ ನೇರವಾಗಿ ಸೇರಿಸಬಹುದು. ಗ್ರಾಫಿಕಲ್ ಇನ್‌ಸ್ಟಾಲರ್‌ನಲ್ಲಿ ಕನ್ನಡವನ್ನೇ ಆರಿಸಿಕೊಳ್ಳಬಹುದು. ನಾನು ಒಮ್ಮೆ ಹಾಗೆ ಮಾಡಿ, ದೋಷ ಬಂದಾಗ ಆ ಸಂದೇಶವನ್ನು ಹುಡುಕಾಟದಲ್ಲಿ ಹಾಕಿದರೆ ಏನೂ ಸಿಗದೆ, ಮತ್ತೆ ಇಂಗ್ಲಿಷಿಗೆ ಮರಳಿದೆ. ಪರಿಹಾರಗಳನ್ನು ಕನ್ನಡದಲ್ಲಿ ಬರೆದಿಡದ ತಪ್ಪು ನಮ್ಮದು, ಇನ್‌ಸ್ಟಾಲರ್‌ನದಲ್ಲ.

ಕಳೆದ ವರ್ಷ ಜಾಗ ಸಾಲದೆ ಫೆಡೋರಾದ ಪಾರ್ಟಿಷನ್‌ಗಳನ್ನು ವಿಂಡೋಸ್‌ನಿಂದ ಅಳಿಸಿದೆ. ಬೂಟ್ ಕ್ರಮದಲ್ಲಿ ಮೊದಲ ಹೆಸರು ಆಗ ಫೆಡೋರಾದ್ದೇ ಆಗಿತ್ತೆಂಬುದು, ಮರುದಿನ ಬೆಳಿಗ್ಗೆ ಗ್ರಬ್ ತನ್ನ ಸಂರಚನೆ ಸಿಗದೆ ಬರಿಯ ಮಿನುಗುವ ಕರ್ಸರ್ ತೋರಿಸಿದಾಗ ನೆನಪಾಯಿತು. ಎಫ್12 ಒತ್ತಿ ಡೆಬಿಯನ್ ಆರಿಸಿ, ಬೂಟ್ ಪಾರ್ಟಿಷನ್ನಿನಲ್ಲಿ ಉಳಿದಿದ್ದ ಫೆಡೋರಾ ಫೋಲ್ಡರನ್ನೂ ಪಟ್ಟಿಯಲ್ಲಿದ್ದ ಹೆಸರನ್ನೂ ತೆಗೆಯಲು ಐದು ನಿಮಿಷ ಸಾಕಾಯಿತು. ಈಗ ಫೆಡೋರಾ ಹೊರಗಿನ 256 ಜಿಬಿ ಎಸ್‌ಎಸ್‌ಡಿಯಲ್ಲಿ, ಅದರಲ್ಲೇ ಮಾಡಿದ ತನ್ನದೇ ಬೂಟ್ ಪಾರ್ಟಿಷನ್ನಿನೊಡನೆ ಇದೆ. ಕೇಬಲ್ ಜೋಡಿಸಿದ ದಿನ ಎಫ್12 ಪಟ್ಟಿಯಲ್ಲಿ ಮೂರು ಹೆಸರು, ಉಳಿದ ದಿನ ಎರಡು.