ಪಾಸ್ಟಿಯೋ, ಎಂಪನಾಡವೋ?

ಎರಡೂ ಹಿಟ್ಟಿನೊಳಗೆ ಹೂರಣ ತುಂಬಿ ಮಡಿಚಿದ ತಿಂಡಿಗಳು. ಹೊಟ್ಟೆ ತುಂಬಬೇಕೆಂದರೆ ಇಂಗ್ಲೆಂಡಿನ ಕಾರ್ನಿಷ್ ಪಾಸ್ಟಿ. ಗೋಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್‌ನಂಥ ಸ್ವೀಡ್ ಗಡ್ಡೆ ಎಲ್ಲವನ್ನೂ ಹಸಿಯಾಗಿಯೇ ತುಂಬಿ ಓವನ್‌ಗಿಡುತ್ತಾರೆ. ರಸ ಒಳಗೇ ಇಂಗುತ್ತದೆ. ಮಸಾಲೆ ಎಂದರೆ ಉಪ್ಪು, ಕಾಳುಮೆಣಸು ಅಷ್ಟೇ. ನಮ್ಮ ನಾಲಿಗೆಗೆ ತುಸು ಸಪ್ಪೆ. ಕಾಗದದ ಚೀಲದಲ್ಲಿ ಬಿಸಿಬಿಸಿ ಕೊಡುತ್ತಾರೆ, ಒಂದು ತಿಂದರೆ ಊಟವೇ ಆಯಿತು. 2011ರಿಂದ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರು.

ರುಚಿಗಾದರೆ ನನ್ನ ಓಟು ಅರ್ಜೆಂಟೀನಾದ ಎಂಪನಾಡಕ್ಕೆ. ಅಂಗೈಯಗಲ, ಜೀರಿಗೆಯ ಘಮ. ನಮ್ಮ ಕರ್ಜಿಕಾಯಿಯಂತೆ ಅಂಚು ಮಡಿಚಿರುತ್ತಾರೆ. ಆ ಮಡಿಕೆ ನೋಡಿಯೇ ಒಳಗಿನ ಹೂರಣ ಯಾವುದೆಂದು ಗುರುತು ಹಿಡಿಯಬಹುದು. ಕೊಳ್ಳುವುದು ಡಜನ್ ಲೆಕ್ಕದಲ್ಲಿ. ಅಲ್ಲಿನ ಉತ್ತರ ಭಾಗದ ಟುಕುಮಾನ್ ಪ್ರಾಂತ್ಯದ ಕಡೆ ನಿಂಬೆ ಹಿಂಡಿಕೊಳ್ಳುತ್ತಾರೆ, ಅದೇ ಸರಿ. ಸಸ್ಯಾಹಾರಿಗಳು ಮೆಕ್ಕೆಜೋಳದ ‘ಉಮಿತಾ’ ಕೇಳಿ. ಹಿಟ್ಟಿಗೆ ಪ್ರಾಣಿಕೊಬ್ಬು ಹಾಕಿದ್ದಾರೆಯೇ ಎಂದು ಮೊದಲೇ ವಿಚಾರಿಸಿ.