ಪ್ಲೇಲಿಸ್ಟ್ ಸ್ಟುಡಿಯೊ: ಸಣ್ಣ ಕಂತು, ಗಟ್ಟಿ ಕತೆ

ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ಕಾಲೇಜು ಮಕ್ಕಳಿಗೆ ಕೊರಿಯಾದ ಪ್ಲೇಲಿಸ್ಟ್ ಸ್ಟುಡಿಯೊದ ವೆಬ್ ಡ್ರಾಮಾಗಳು ಹೇಳಿ ಮಾಡಿಸಿದಂತಿವೆ. ಒಂದು ಕಂತು ಹೆಚ್ಚುಕಮ್ಮಿ 10 ನಿಮಿಷ. ಕೊರಿಯಾದ ಇಂಟರ್ನೆಟ್ ಕಂಪನಿ ನೇವರ್‌ನ ಬಳಗದಲ್ಲಿ ಹುಟ್ಟಿದ ಈ ಸಂಸ್ಥೆ 2017ರಲ್ಲಿ ‘ಲವ್ ಪ್ಲೇಲಿಸ್ಟ್’ನಿಂದ ಹೆಸರು ಮಾಡಿತು. 2018ರ ‘ಎ-ಟೀನ್’ ಅಂತೂ ಅಲ್ಲಿನ ಹೈಸ್ಕೂಲು ಮಕ್ಕಳ ಮನೆಮಾತಾಯಿತು. ಗೆಳತಿಯರ ಮುನಿಸು, ಹೇಳಿಕೊಳ್ಳಲಾಗದ ಪ್ರೀತಿ, ಇಷ್ಟರ ಮೇಲೇ ಕತೆ ನಿಂತಿದೆ. ನಾಯಕಿ ದೋ ಹಾನಾ ಪಾತ್ರದಲ್ಲಿ ನಟಿ ಶಿನ್ ಯೇ-ಉನ್, ಭುಜ ಮುಟ್ಟದ ಕೂದಲು, ನೆಟ್ಟ ನೋಟ: ಮಾತೇ ಬೇಡ.

ಯೂಟ್ಯೂಬಿನಲ್ಲಿ ಸಿಸಿ ಒತ್ತಿ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಪರದೆಯ ಮೇಲೆ ಚಾಟ್ ಮೂಡುವಾಗಲೇ ಮಾತೂ ನಡೆದರೆ ಒಂದು ತಪ್ಪಿಹೋಗುತ್ತದೆ. ಅಲ್ಲಿ ನಿಲ್ಲಿಸಿಯೇ ಓದಬೇಕು. ‘ಎ-ಟೀನ್’ ಎರಡನೇ ಸೀಸನ್ನಿಂದ ಶುರು ಮಾಡಬೇಡಿ, ಯಾರಿಗೆ ಯಾರ ಮೇಲೆ ಏಕೆ ಸಿಟ್ಟು ಅನ್ನುವುದೇ ತಿಳಿಯದು.