ಬೈಂಡರ್ ಮತ್ತು ಗಡ್ಡದ ಲೇಸರ್: ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

ಹಾರ್ಮೋನ್ ಶುರುವಾದರೆ ಎಲ್ಲವೂ ತಾನಾಗಿ ಬದಲಾಗುತ್ತದೆ ಎಂಬ ನಂಬಿಕೆ ಬಹಳ ಜನರಿಗಿದೆ. ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವ ಟ್ರಾನ್ಸ್ ಪುರುಷರಿಗೆ (ಹುಟ್ಟಿದಾಗ ಹೆಣ್ಣೆಂದು ಗುರುತಿಸಲಾದ ಪುರುಷರಿಗೆ) ಕೆಲವು ತಿಂಗಳಲ್ಲಿ ದನಿ ಒಡೆಯುತ್ತದೆ, ನಿಧಾನಕ್ಕೆ ಗಡ್ಡವೂ ಬರುತ್ತದೆ. ಆದರೆ ಬೆಳೆದ ಎದೆ ಹೋಗುವುದಿಲ್ಲ. ಈಸ್ಟ್ರೋಜೆನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯರಿಗೆ ಎದೆ ಬೆಳೆಯುತ್ತದೆ, ಆದರೆ ಒಡೆದ ದನಿ ಮತ್ತೆ ಏರುವುದಿಲ್ಲ, ಬಂದ ಗಡ್ಡವೂ ಉದುರುವುದಿಲ್ಲ. ಹಾಗಾಗಿ ಟ್ರಾನ್ಸ್ ಪುರುಷರು ಬೈಂಡರ್, ಅಂದರೆ ಎದೆ ಚಪ್ಪಟೆಯಾಗಿ ಕಾಣಲು ಹಾಕುವ ಬಿಗಿ ಒಳಉಡುಪು ಹುಡುಕುತ್ತಾರೆ, ಟ್ರಾನ್ಸ್ ಮಹಿಳೆಯರು ಗಡ್ಡ ತೆಗೆಸಲು ಲೇಸರ್ ಕ್ಲಿನಿಕ್ ಹುಡುಕುತ್ತಾರೆ. ಇವರದು ಸುಲಭ, ಅವರದು ಕಷ್ಟ ಎನ್ನುವ ಮಾತಿಗೆ ಅರ್ಥವಿಲ್ಲ.

ಬೈಂಡರ್‌ನಲ್ಲಿ ನಮ್ಮ ಸೆಕೆಗೆ ಅರ್ಧ ಉದ್ದದ್ದೇ ವಾಸಿ. ಸೊಂಟದವರೆಗಿನದು ಕೂತಾಗ ಕೆಳಗಿಂದ ಸುರುಳಿ ಸುತ್ತುತ್ತದೆ. ಎದೆಯ ಅತಿ ಉಬ್ಬಿದ ಭಾಗ, ಅದರ ಕೆಳಗಿನ ಸುತ್ತಳತೆ, ಭುಜದ ಅಗಲ, ಮೂರನ್ನೂ ಅಳೆದು ಆ ಕಂಪನಿಯದೇ ಪಟ್ಟಿ ನೋಡಿ ತರಿಸಿ. ಇನ್ನಷ್ಟು ಚಪ್ಪಟೆ ಆಗಲಿ ಎಂದು ಒಂದು ಸೈಜ್ ಚಿಕ್ಕದು ಕೊಳ್ಳುವವರೇ ಪಕ್ಕೆಲುಬಿನ ನೋವು ತಂದುಕೊಳ್ಳುವುದು. ಹಾಕಿಕೊಂಡು ದೀರ್ಘವಾಗಿ ಉಸಿರೆಳೆಯಿರಿ, ಕೆಮ್ಮಿ ನೋಡಿ. ಎರಡೂ ಸಲೀಸಾಗಿ ಆಗಬೇಕು. ದಿನಕ್ಕೆ 8 ಗಂಟೆ ಸಾಕು. ಮಲಗುವಾಗ, ಓಡುವಾಗ ಬೇಡ. ಕೈ ಜೋಮು ಹಿಡಿದರೆ ತಕ್ಷಣ ಬಿಚ್ಚಿ. ಉಳುಕಿಗೆ ಸುತ್ತುವ ಕ್ರೇಪ್ ಬ್ಯಾಂಡೇಜನ್ನು ಬೈಂಡರ್ ಬದಲಿಗೆ ಬಳಸಲೇಬೇಡಿ, ಉಸಿರಾಡಿದಂತೆಲ್ಲ ಅದು ಬಿಗಿಯುತ್ತ ಹೋಗುತ್ತದೆ. ಕರಾವಳಿಯವರು ಎರಡು ಬೈಂಡರ್ ಇಟ್ಟುಕೊಂಡು ದಿನ ಬಿಟ್ಟು ದಿನ ಒಗೆಯುವುದು ಒಳ್ಳೆಯದು, ಬೆವರು ನಿಂತ ಮಡಿಕೆಯಲ್ಲಿ ಹುಳುಕಡ್ಡಿ ಬೇಗ ಹತ್ತುತ್ತದೆ. ತಣ್ಣೀರಲ್ಲಿ ಕೈಯಿಂದ ಒಗೆದು ನೆರಳಲ್ಲಿ ಒಣಗಿಸಿ.

ಲೇಸರ್‌ನಲ್ಲಿ ಅಪಾಯ ಮಷಿನ್ ಹಿಡಿದವರ ಕೈಯಲ್ಲಿದೆ, ಆದ್ದರಿಂದ ಇಲ್ಲಿ ಹೆಚ್ಚು ಪ್ರಶ್ನೆ ಕೇಳಬೇಕು. ಲೇಸರ್ ಬೆಳಕು ಕೂದಲಿನ ಕಪ್ಪನ್ನು ಹಿಡಿದು ಬುಡವನ್ನು ಸುಡುತ್ತದೆ. ಅದೇ ಕಪ್ಪು ನಮ್ಮ ಚರ್ಮದಲ್ಲೂ ಇದೆ. ಲೇಸರ್‌ಗಳಲ್ಲಿ ಬಗೆಗಳಿವೆ, ಬೆಳಕಿನ ಅಲೆಯ ಉದ್ದವನ್ನು ನ್ಯಾನೊಮೀಟರ್‌ನಲ್ಲಿ ಹೇಳುತ್ತಾರೆ. 755 ನ್ಯಾನೊಮೀಟರ್‌ನ ಅಲೆಕ್ಸಾಂಡ್ರೈಟ್ ಲೇಸರ್ ತಿಳಿ ಬಣ್ಣದವರಿಗೆ ಸರಿ. ಎಣ್ಣೆಗಪ್ಪು, ಕಪ್ಪು ಚರ್ಮಕ್ಕೆ 1064ರ ಎನ್‌ಡಿ ಯಾಗ್ ಹೆಚ್ಚು ಸುರಕ್ಷಿತ, ಅದರ ಬೆಳಕನ್ನು ಚರ್ಮದ ಮೇಲ್ಪದರ ಕಡಿಮೆ ಹೀರುತ್ತದೆ. 810ರ ಡಯೋಡ್ ಇವೆರಡರ ನಡುವಿನದು. "ಯಾವ ಮಷಿನ್, ಎಷ್ಟು ನ್ಯಾನೊಮೀಟರ್?" ಎಂದು ಕೇಳಿ, ಉತ್ತರ ಬರದಿದ್ದರೆ ಎದ್ದು ಬನ್ನಿ. ಲೇಸರ್ ಎಂದು ಹೇಳಿ ಐಪಿಎಲ್ (ಲೇಸರ್ ಅಲ್ಲದ, ಹಲವು ಅಲೆಯುದ್ದ ಬೆರೆತ ತೀವ್ರ ಬೆಳಕು) ಹಾಯಿಸುವ ಪಾರ್ಲರ್‌ಗಳೂ ಇವೆ, ಕಪ್ಪು ಚರ್ಮಕ್ಕೆ ಅದರಿಂದ ಸುಟ್ಟ ಕಲೆ ಬೀಳುವ ಭಯ ಹೆಚ್ಚು. ಮೊದಲು ದವಡೆ ಕೆಳಗೆ ಒಂದು ಚೂರು ಜಾಗದಲ್ಲಿ ಪರೀಕ್ಷೆ ಮಾಡಿಸಿ, ಕೆಲವು ದಿನ ಕಾದು ಮುಂದುವರಿಯಿರಿ.

ಹಿಂದಿನ ದಿನ ಶೇವ್ ಮಾಡಬೇಕು. ಥ್ರೆಡಿಂಗ್, ವ್ಯಾಕ್ಸ್ ಬೇಡ, ಬುಡವೇ ಕಿತ್ತುಬಂದರೆ ಲೇಸರ್‌ಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಬೆಳೆಯುತ್ತಿರುವ ಕೂದಲಿಗೆ ಮಾತ್ರ ಪೆಟ್ಟು ಬೀಳುವುದರಿಂದ 4ರಿಂದ 6 ವಾರಕ್ಕೊಮ್ಮೆ ಹೋಗಬೇಕು. 6 ಸಲದ ಪ್ಯಾಕೇಜ್ ದಟ್ಟ ಗಡ್ಡಕ್ಕೆ ಸಾಮಾನ್ಯವಾಗಿ ಸಾಲದು, ಆಮೇಲಿನ ಸಲಗಳ ದರವನ್ನೂ ಮೊದಲೇ ಬರೆಸಿಕೊಳ್ಳಿ. ಬಿಸಿಲಿಗೆ ಸನ್‌ಸ್ಕ್ರೀನ್ ತಪ್ಪಿಸಬೇಡಿ.

ಬಿಳಿ ಕೂದಲಿಗೆ ಲೇಸರ್ ನಾಟುವುದಿಲ್ಲ. ಅದಕ್ಕೆ ಎಲೆಕ್ಟ್ರಾಲಿಸಿಸ್ ಬೇಕು: ಒಂದೊಂದೇ ಕೂದಲಿನ ಬುಡಕ್ಕೆ ಸೂಜಿ ಇಳಿಸಿ ಕರೆಂಟ್ ಹಾಯಿಸುವ ಕೆಲಸ. ಅಲ್ಲಿಗೆ ಹೋಗುವಾಗ ಶೇವ್ ಮಾಡದೆ ಕೆಲವು ದಿನ ಗಡ್ಡ ಬಿಟ್ಟಿರಬೇಕಾಗುತ್ತದೆ. ಟ್ರಾನ್ಸ್ ಮಹಿಳೆಯರಿಗೆ ಇದು ತುಂಬಾ ಹಿಂಸೆಯ ಭಾಗ, ಆದ್ದರಿಂದ ರಜೆ ನೋಡಿಕೊಂಡೇ ದಿನ ಗೊತ್ತುಮಾಡಿ.